ಹೆಲ್ಮೆಟ್ ಮೇಲೆ ಕ್ಯಾಮೆರಾ: ಅಂಟಿಸುವ ಮುಂಚೆ ಇದನ್ನ ತಿಳ್ಕೊಳ್ಳಿ

ಬೈಕ್ ರೈಡ್ ಶೂಟ್ ಮಾಡೋಕೆ ಹೆಲ್ಮೆಟ್‌ಗೆ ಕ್ಯಾಮೆರಾ ಹಾಕ್ತಿದ್ದೀರಾ? ಒಂದು ನಿಮಿಷ ಕೇಳಿ.

ಹೆಲ್ಮೆಟ್ ಯಾಕೆ ದುಂಡಗೆ, ನುಣುಪಾಗಿ ಇರುತ್ತೆ ಗೊತ್ತಾ? ಬಿದ್ದಾಗ ಅದು ರಸ್ತೆ ಮೇಲೆ ಜಾರಬೇಕು, ಎಲ್ಲೂ ಸಿಕ್ಕಿಕೊಳ್ಳಬಾರದು. ಹೊರಗೆ ಚಾಚಿಕೊಂಡಿರೋ ಗಟ್ಟಿ ಕ್ಯಾಮೆರಾ ನೆಲಕ್ಕೆ ತಗುಲಿದ್ರೆ ತಲೆ ಥಟ್ಟನೆ ತಿರುಚಿಕೊಂಡು, ಕುತ್ತಿಗೆಗೂ ಮಿದುಳಿಗೂ ಪೆಟ್ಟಾಗಬಹುದು. ಸ್ಕ್ರೂ ಹಾಕೋಕೆ ಅಂತ ಹೆಲ್ಮೆಟ್‌ಗೆ ತೂತು ಕೊರೆಯಲೇಬೇಡಿ. ಐಎಸ್‌ಐ ಗುರುತು ಸಿಕ್ಕಿರೋದು ತೂತಿಲ್ಲದ ಹೆಲ್ಮೆಟ್‌ಗೆ!

ಇನ್ನು ಕಾನೂನು. ಕೇರಳದ ಮೋಟಾರು ವಾಹನ ಇಲಾಖೆ 2022ರಲ್ಲೇ ಹೆಲ್ಮೆಟ್ ಕ್ಯಾಮೆರಾ ನಿಷೇಧಿಸಿತು. ಆಗ ಹೇಳಿದ್ದ ದಂಡ 1,000 ರೂಪಾಯಿ, ಜೊತೆಗೆ ಲೈಸೆನ್ಸ್ ಅಮಾನತೂ ಆಗಬಹುದಿತ್ತು. ಮೈಸೂರಿಂದ ವಯನಾಡಿಗೆ ಹೊರಟಿದ್ರೆ, ಅಲ್ಲಿ ಈಗ ಯಾವ ನಿಯಮ ಇದೆ ಅಂತ ಮೊದಲೇ ನೋಡ್ಕೊಳ್ಳಿ.

ಹಾಗಂತ ಕ್ಯಾಮೆರಾನೇ ಬೇಡ್ವಾ? ಬೇಕು. ಅಪಘಾತ ಆದಾಗ ತಪ್ಪು ಯಾರದ್ದು ಅಂತ ತೋರಿಸೋಕೆ ವಿಡಿಯೋ ದೊಡ್ಡ ಆಸರೆ. ಆದ್ರೆ 2024ರ ಜುಲೈ 1ರಿಂದ ಜಾರಿಯಲ್ಲಿರೋ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ, ಕೋರ್ಟಿಗೆ ಕೊಡೋ ಡಿಜಿಟಲ್ ದಾಖಲೆ ಜೊತೆ ಪ್ರಮಾಣಪತ್ರ ಇರಬೇಕು. ಹಾಗಾಗಿ ಮೂಲ ಫೈಲ್ ಎಡಿಟ್ ಮಾಡದೆ, ಮೆಮೊರಿ ಕಾರ್ಡ್ ಸಮೇತ ಜೋಪಾನವಾಗಿ ಎತ್ತಿಡಿ.

ಹಾಗಾದ್ರೆ ಕ್ಯಾಮೆರಾ ಎಲ್ಲಿ ಹಾಕೋದು? ಹ್ಯಾಂಡಲ್ ಬಾರ್ ಮೇಲೆ. ನಡುಕ ಕಾಣಬಾರದು ಅಂದ್ರೆ ಸ್ಟೆಬಿಲೈಸೇಶನ್ ಆನ್ ಮಾಡಿ. ಹೊರಡೋ ಮುಂಚೆನೇ ರೆಕಾರ್ಡಿಂಗ್ ಶುರು ಮಾಡಿ, ಗಾಡಿ ನಿಲ್ಲಿಸೋವರೆಗೂ ಬಟನ್ ಮುಟ್ಟಬೇಡಿ.

ರೈಡಿಂಗ್ ಗೆಳೆಯರಿಗೆ ಈ ವಿಡಿಯೋ ಇವತ್ತೇ ಕಳಿಸಿ.