ಯೋಹಾನನ ಸುವಾರ್ತೆಯ ಒಂದು ತುಣುಕು: ಲಿಪಿಯಿಂದ ಕಾಲನಿರ್ಣಯದ ಇತಿಮಿತಿ

ಪ್ರಾಚೀನ ಗ್ರಂಥವೊಂದರ ಕಾಲವನ್ನು ವಿಚಾರಿಸುವಾಗ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿಯೇ ಇಟ್ಟುಕೊಳ್ಳಬೇಕಾಗುತ್ತದೆ. ಗ್ರಂಥವು ರಚಿತವಾದುದು ಯಾವಾಗ ಎಂಬುದು ಒಂದು. ನಮ್ಮ ಕೈಗೆ ಬಂದಿರುವ ಪ್ರತಿಯು ಬರೆಯಲ್ಪಟ್ಟುದು ಯಾವಾಗ ಎಂಬುದು ಇನ್ನೊಂದು. ಪಂಪಭಾರತದ ಓಲೆಯ ಪ್ರತಿಗಳು ಪಂಪನಿಗಿಂತ ಶತಮಾನಗಳಷ್ಟು ಈಚಿನವೆಂಬುದನ್ನು ಬಲ್ಲ ವಿದ್ಯಾರ್ಥಿಗೆ ಈ ಭೇದವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಆದರೆ ಕ್ರೈಸ್ತಧರ್ಮದ ಆದಿಗ್ರಂಥಗಳ ವಿಷಯದಲ್ಲಿ ಈ ಎರಡು ಪ್ರಶ್ನೆಗಳು ಒಂದರೊಳಗೊಂದು ಬೆರೆತು, ಅನೇಕ ಪುಸ್ತಕಗಳಲ್ಲಿ ಒಂದು ನಿಶ್ಚಿತ ಸಂಖ್ಯೆಯ ರೂಪವನ್ನು ತಾಳಿವೆ. ಯೋಹಾನನ ಸುವಾರ್ತೆಯ ಅತ್ಯಂತ ಹಳೆಯ ಪ್ರತಿಯ ಕಾಲ ಕ್ರಿ. ಶ. 125 ಎಂಬುದೇ ಆ ಸಂಖ್ಯೆ. ಅದು ಎಲ್ಲಿಂದ ಬಂದಿತು, ಎಷ್ಟು ಭಾರವನ್ನು ಹೊರಬಲ್ಲುದು ಎಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ವಸ್ತುವು ಅತ್ಯಲ್ಪವಾದುದು. ಸುಮಾರು 9 ಸೆಂಟಿಮೀಟರ್ ಎತ್ತರ, 6 ಸೆಂಟಿಮೀಟರ್ ಅಗಲದ ಪ್ಯಾಪಿರಸ್ಸಿನ ಚೂರು. ಒಂದೊಂದು ಮಗ್ಗುಲಿಗೆ ಏಳೇಳು ಸಾಲುಗಳು, ಅವೂ ತುಂಡಾದುವು. ಯೇಸುವು ಪಿಲಾತನ ಮುಂದೆ ವಿಚಾರಣೆಗೆ ನಿಂತ ಸಂದರ್ಭ, ಎಂದರೆ 18ನೆಯ ಅಧ್ಯಾಯದ ಕೆಲವು ವಾಕ್ಯಗಳು, ಅದರಲ್ಲಿ ಗ್ರೀಕ್ ಭಾಷೆಯಲ್ಲಿವೆ. ಎರಡು ಮಗ್ಗುಲಲ್ಲಿಯೂ ಒಂದೇ ಪಾಠವು ಮುಂದುವರಿದಿರುವುದರಿಂದ ಇದು ಸುರುಳಿಯಲ್ಲ, ಹಾಳೆಗಳನ್ನು ಮಡಿಸಿ ಹೊಲಿದ ಪುಸ್ತಕವೊಂದರ ಭಾಗವೆಂಬುದು ಸ್ಪಷ್ಟ. 1920ರಲ್ಲಿ ಬರ್ನಾರ್ಡ್ ಗ್ರೆನ್‌ಫೆಲ್ ಇದನ್ನು ಇತರ ಪ್ಯಾಪಿರಸ್ಸುಗಳೊಡನೆ ಈಜಿಪ್ಟಿನಲ್ಲಿ ಕೊಂಡರು. ಗ್ರೆನ್‌ಫೆಲ್ ಅವರ ಹೆಸರು ನಮಗೆ ಅಪರಿಚಿತವಲ್ಲ. ಯಾವ ಗ್ರೀಕ್ ಪ್ರಹಸನದಲ್ಲಿ ಕನ್ನಡದ ಮಾತುಗಳಿವೆಯೆಂದು ಹುಲ್ಟ್ಜ್ ಅವರು 1904ರಲ್ಲಿ ಸೂಚಿಸಿದರೋ, ಶಾಮಶಾಸ್ತ್ರಿಗಳೂ ಗೋವಿಂದ ಪೈಗಳೂ ಯಾವುದನ್ನು ಕುರಿತು ಚರ್ಚಿಸಿದರೋ ಆ ಪ್ರಹಸನವನ್ನು ಆಕ್ಸಿರಿಂಕಸ್ಸಿನ ಕಸದ ದಿಬ್ಬಗಳಿಂದ ಅಗೆದು ತೆಗೆದು 1903ರಲ್ಲಿ ಪ್ರಕಟಿಸಿದವರು ಇವರೂ ಇವರ ಸಹೋದ್ಯೋಗಿ ಹಂಟ್ ಅವರೂ.

ಕೊಂಡ ತುಣುಕು ಮ್ಯಾಂಚೆಸ್ಟರಿನ ಜಾನ್ ರೈಲೆಂಡ್ಸ್ ಗ್ರಂಥಾಲಯದಲ್ಲಿ ಗುರುತು ಹತ್ತದೆ ಉಳಿದಿತ್ತು. ಅದು ಯೋಹಾನನ ಪಾಠವೆಂದು ಕಂಡುಕೊಂಡು 1935ರಲ್ಲಿ ಪ್ರಕಟಿಸಿದವರು ಕಾಲಿನ್ ರಾಬರ್ಟ್ಸ್ ಎಂಬ ತರುಣ ವಿದ್ವಾಂಸರು. 2ನೆಯ ಶತಮಾನದ ಪೂರ್ವಾರ್ಧವೆಂದು ಅವರು ಅದರ ಕಾಲವನ್ನು ಸೂಚಿಸಿದರು. 125 ಎಂಬ ಅಂಕಿಯು ರಾಬರ್ಟ್ಸ್ ಅವರದಲ್ಲ. ಅವರು ಹೇಳಿದ ಐವತ್ತು ವರ್ಷದ ಅವಧಿಯನ್ನು ಅನಂತರದ ಲೇಖಕರು ಕುಗ್ಗಿಸಿ ಮಾಡಿದುದು.

ಇಷ್ಟು ಸಣ್ಣ ಚೂರಿಗೆ ಇಷ್ಟು ಪ್ರಾಮುಖ್ಯ ಬಂದುದೇಕೆ? 19ನೆಯ ಶತಮಾನದಲ್ಲಿ ಟ್ಯೂಬಿಂಗೆನ್ನಿನ ಎಫ್. ಸಿ. ಬೌರ್ ಅವರೂ ಅವರ ಶಿಷ್ಯವರ್ಗವೂ ಯೋಹಾನನ ಸುವಾರ್ತೆಯನ್ನು 2ನೆಯ ಶತಮಾನದ ಉತ್ತರಾರ್ಧದ ಕೃತಿಯೆಂದು ವಾದಿಸಿದ್ದರು. ಹಾಗಾದರೆ ಯೇಸುವಿಗೂ ಈ ಸುವಾರ್ತೆಗೂ ನಡುವೆ ನೂರು ವರ್ಷಗಳಿಗೂ ಮಿಗಿಲಾದ ಅಂತರ; ಚರಿತ್ರೆಯ ಆಕರವಾಗಿ ಅದಕ್ಕಿರುವ ಬೆಲೆ ಬಹಳ ಕುಗ್ಗುತ್ತದೆ. ಈಜಿಪ್ಟಿನಲ್ಲಿ ಅದೇ ಗ್ರಂಥದ ಪ್ರತಿಯೊಂದು 125ರಲ್ಲಿಯೇ ಓದಲ್ಪಡುತ್ತಿತ್ತೆಂದರೆ ಬೌರ್ ಅವರ ವಾದವು ಒಂದೇ ಪೆಟ್ಟಿಗೆ ಬೀಳುತ್ತದೆ. ಶ್ರದ್ಧಾಳುಗಳು ಈ ತುಣುಕನ್ನು ಸಂತೋಷದಿಂದ ಬರಮಾಡಿಕೊಂಡುದು ಸಹಜ. ವಿಮರ್ಶಕರೂ ಅದನ್ನು ಹೆಚ್ಚು ಶೋಧಿಸದೆ ಒಪ್ಪಿಕೊಂಡುದು ಮಾತ್ರ ನಮಗೆ ಸ್ವಲ್ಪ ಆಶ್ಚರ್ಯವನ್ನುಂಟುಮಾಡುತ್ತದೆ.

ಆ ಕಾಲದ ಗ್ರಂಥಪ್ರತಿಗಳಲ್ಲಿ ಬರೆದ ವರ್ಷವನ್ನು ನಮೂದಿಸುವ ಪದ್ಧತಿಯಿರಲಿಲ್ಲ. ಕರಾರು, ತೆರಿಗೆಯ ರಸೀತಿ, ಅರ್ಜಿ ಮೊದಲಾದ ವ್ಯವಹಾರಪತ್ರಗಳಲ್ಲಿ ಚಕ್ರವರ್ತಿಯ ಆಳ್ವಿಕೆಯ ವರ್ಷವಿರುತ್ತದೆ. ಆದ್ದರಿಂದ ಲಿಪಿಶಾಸ್ತ್ರಜ್ಞನು ಕಾಲ ತಿಳಿದ ವ್ಯವಹಾರಪತ್ರದ ಅಕ್ಷರಗಳ ಪಕ್ಕದಲ್ಲಿ ಕಾಲ ತಿಳಿಯದ ಗ್ರಂಥದ ಅಕ್ಷರಗಳನ್ನಿಟ್ಟು, ಒಂದೊಂದರ ಬಾಗು, ಬಾಲ, ಅಕ್ಷರಗಳನ್ನು ಕೂಡಿಸುವ ಕ್ರಮ ಇವುಗಳನ್ನು ಹೋಲಿಸುತ್ತಾನೆ. ರಾಬರ್ಟ್ಸ್ ಅವರ ಮುಖ್ಯ ಹೋಲಿಕೆಗಳಲ್ಲೊಂದು ಕ್ರಿ. ಶ. 94ರ ಪತ್ರ, ಫಯೂಮ್ ಪ್ರಾಂತದ ಜಮೀನುದಾರನೊಬ್ಬನು ಗೊಬ್ಬರ, ಎಣ್ಣೆಯ ಗಾಣ ಇತ್ಯಾದಿ ಕೆಲಸಗಳನ್ನು ಕುರಿತು ತನ್ನ ಪಾರುಪತ್ಯಗಾರನಿಗೆ ಕಳುಹಿಸಿದುದು. ಸುವಾರ್ತೆಯ ಕಾಲನಿರ್ಣಯಕ್ಕೆ ಇಂಥದೊಂದು ಪತ್ರವು ಆಧಾರವಾಗಿರುವುದು ಚರಿತ್ರೆಯ ವಿನೋದಗಳಲ್ಲಿ ಒಂದು.

ಈ ವಿಧಾನಕ್ಕೆ ಸ್ವಭಾವತಃ ಮಿತಿಯಿದೆ. ಇಪ್ಪತ್ತರ ಪ್ರಾಯದಲ್ಲಿ ಕಲಿತ ಕೈಬರಹವನ್ನು ಲಿಪಿಕಾರನು ಅರುವತ್ತರಲ್ಲಿಯೂ ಬರೆಯಬಹುದು. ಅವನ ಶಿಷ್ಯನು ಅದನ್ನೇ ಅನುಸರಿಸಬಹುದು. ಇಂಗಾಲದ ಪರೀಕ್ಷೆಯಿಂದ ಈ ತೊಡಕು ಪರಿಹಾರವಾಗುವುದಿಲ್ಲ. ಅದು ತಿಳಿಸುವುದು ಸಸ್ಯವನ್ನು ಕಡಿದ ಕಾಲವನ್ನೇ ಹೊರತು ಶಾಯಿಯ ಕಾಲವನ್ನಲ್ಲ. ಅದೂ ಹಲವು ದಶಕಗಳ ವ್ಯಾಪ್ತಿಯಲ್ಲಿ.

ಇದಕ್ಕಿಂತ ಗುರುತರವಾದ ತೊಡಕು ಹೋಲಿಕೆಯಲ್ಲಿಯೇ ಇದೆ. ರಾಬರ್ಟ್ಸ್ ಅವರು ಎಗರ್ಟನ್ ಸಂಗ್ರಹದ, ಹೆಸರು ತಿಳಿಯದ ಸುವಾರ್ತೆಯೊಂದರ ಹಾಳೆಗಳನ್ನೂ ಹೋಲಿಕೆಗೆ ತೆಗೆದುಕೊಂಡಿದ್ದರು. ಬೆಲ್ ಮತ್ತು ಸ್ಕೀಟ್ ಅವರು ಅದೇ 1935ರಲ್ಲಿ ಅವುಗಳನ್ನು ಪ್ರಕಟಿಸಿ, ಸುಮಾರು 150ರ ಹಿಂದುಮುಂದಿನವೆಂದು ಲಿಪಿಯಿಂದಲೇ ಊಹಿಸಿದ್ದರು. ಎಂದರೆ ಊಹಿತ ಕಾಲಕ್ಕೆ ಮತ್ತೊಂದು ಊಹಿತ ಕಾಲವೇ ಸಾಕ್ಷಿ. 1987ರಲ್ಲಿ ಆ ಎಗರ್ಟನ್ ಪುಸ್ತಕದ್ದೇ ಆದ ಇನ್ನೊಂದು ಚೂರು ಕಲೋನ್ ನಗರದ ಸಂಗ್ರಹದಿಂದ ಪ್ರಕಟವಾಯಿತು. ಎರಡು ವ್ಯಂಜನಗಳ ನಡುವೆ ಕೊಕ್ಕೆಯಾಕಾರದ ಒಂದು ಚಿಹ್ನೆ ಅದರಲ್ಲಿದೆ; 3ನೆಯ ಶತಮಾನದ ಬರಹದಲ್ಲಿ ಹೆಚ್ಚಾಗಿ ಕಾಣುವ ಚಿಹ್ನೆಯದು. ಅಲ್ಲಿಂದ ಈಚೆಗೆ ಅನೇಕರು ಎಗರ್ಟನ್ ಹಾಳೆಗಳನ್ನು 200ರ ಸಮೀಪಕ್ಕೆ ತಂದಿದ್ದಾರೆ. ಆಸರೆಯೇ ಸರಿದ ಮೇಲೆ ಮ್ಯಾಂಚೆಸ್ಟರಿನ ಚೂರು ಸ್ಥಿರವಾಗಿರುವುದೆಂತು?

ಬ್ರೆಂಟ್ ನಾಂಗ್‌ಬ್ರಿ ಅವರು 2005ರಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಎತ್ತಿದರು. 2ನೆಯ ಶತಮಾನದ ಕೊನೆಯ ಹಾಗೂ 3ನೆಯ ಶತಮಾನದ ಆದಿಯ, ವರ್ಷ ನಮೂದಿಸಿದ ಪತ್ರಗಳಲ್ಲಿಯೂ ಇದೇ ಬಗೆಯ ಅಕ್ಷರಗಳಿರುವುದನ್ನು ತೋರಿಸಿ, ಅಷ್ಟು ಈಚಿನ ಕಾಲವನ್ನೂ ತಳ್ಳಿಹಾಕಲಾಗದೆಂದರು. 125 ತಪ್ಪೆಂದು ಅವರು ಹೇಳಲಿಲ್ಲ. 125 ಎಂದು ಹೇಳಲು ಆಧಾರ ಸಾಲದೆಂದರು. ಓರ್ಸೀನಿ ಮತ್ತು ಕ್ಲಾರಿಸ್ ಅವರು 2012ರಲ್ಲಿ 125ರಿಂದ 175ರವರೆಗಿನ ಅವಧಿಯನ್ನು ಸೂಚಿಸಿದ್ದಾರೆ. ಇಬ್ಬಗೆಯ ಪ್ರಮಾಣಗಳನ್ನೂ ನೋಡಿದರೆ, 2ನೆಯ ಶತಮಾನವೆಂಬುದು ಹೆಚ್ಚು ಸಂಭವನೀಯವೆಂದೂ 3ನೆಯ ಶತಮಾನದ ಆರಂಭವು ಅಸಾಧ್ಯವಲ್ಲವೆಂದೂ ನಮಗೆ ತೋರುತ್ತದೆ.

ನಮ್ಮ ಹಲ್ಮಿಡಿ ಶಾಸನದಲ್ಲಿಯೂ ವರ್ಷದ ನಮೂದಿಲ್ಲ. ಸುಮಾರು 450 ಎಂಬುದು ಊಹೆಯೇ, ಅದರ ಮೇಲೆ ಚರ್ಚೆಯೂ ನಡೆದಿದೆ. ಆದರೆ ಅಲ್ಲಿ ಲಿಪಿಗೆ ಜೊತೆಯಾಗಿ ಕಾಕುಸ್ಥನೆಂಬ ಅರಸನ ಹೆಸರೂ ಇತರ ವ್ಯಕ್ತಿಗಳ ಹೆಸರುಗಳೂ ಇವೆ. ಅಂಗಡಿಯಲ್ಲಿ ಕೊಂಡ ಈ ಪ್ಯಾಪಿರಸ್ ಚೂರಿಗೆ ಅರಸನ ಹೆಸರಿರಲಿ, ದೊರೆತ ಸ್ಥಳದ ಖಚಿತವಾದ ದಾಖಲೆಯೂ ಇಲ್ಲ.

ಹಾಗೆಂದ ಮಾತ್ರಕ್ಕೆ ಬೌರ್ ಅವರ ವಾದವು ಮರಳಿ ಜೀವ ತಳೆಯುವುದಿಲ್ಲ. ಯೋಹಾನನ ಸುವಾರ್ತೆಯ ಪ್ರಾಚೀನತೆಗೆ ಈ ಚೂರೊಂದೇ ಆಧಾರವೆಂದು ಭಾವಿಸಿರುವವರು ಬೇರೆ ಸಾಕ್ಷ್ಯಗಳನ್ನು ಮರೆತಿದ್ದಾರೆ. ಸುಮಾರು 180ರಲ್ಲಿ ಗಾಲ್ ದೇಶದ ಲಿಯೋನ್ ನಗರದಲ್ಲಿ ಬರೆದ ಐರಿನೇಯಸ್ ಇದನ್ನು ಹೆಸರಿಸಿ, ನಾಲ್ಕರಲ್ಲಿ ಒಂದೆಂದು ಎಣಿಸುತ್ತಾನೆ. ಸರಿಸುಮಾರು ಅದೇ ಕಾಲದಲ್ಲಿ ತಾಷಿಯನ್ ನಾಲ್ಕು ಸುವಾರ್ತೆಗಳನ್ನು ಹೆಣೆದು ಒಂದೇ ಕಥನವನ್ನಾಗಿ ಮಾಡಿದನು; ಭಿನ್ನಪಂಥದವನೆನಿಸಿದ ಹೆರಾಕ್ಲಿಯನ್ ಇದಕ್ಕೊಂದು ವ್ಯಾಖ್ಯಾನವನ್ನೇ ಬರೆದನು. ಪರಸ್ಪರ ವಿರೋಧಿಗಳಾದ ಪಂಥಗಳೆರಡೂ, ದೂರದೂರದ ಊರುಗಳಲ್ಲಿ, ಒಂದು ಗ್ರಂಥವನ್ನು ಪ್ರಮಾಣವೆಂದು ಹಿಡಿದು ವಾದಿಸಬೇಕಾದರೆ ಅದು ನಿನ್ನೆ ಮೊನ್ನೆ ಹುಟ್ಟಿದ ಗ್ರಂಥವಾಗಿರಲಾರದು. ಬಹುಮಂದಿ ವಿದ್ವಾಂಸರು ಅದರ ರಚನೆಯನ್ನು ಸುಮಾರು 90ರಿಂದ 110ರ ನಡುವೆ ಇಡುವುದು ಇಂಥ ಸಾಕ್ಷ್ಯಗಳ ಮೇಲೆ, ಹಾಗೂ ಯೇಸುವನ್ನು ಒಪ್ಪಿದವರನ್ನು ಯೆಹೂದ್ಯರ ಸಭಾಮಂದಿರದಿಂದ ಹೊರಹಾಕುವ ಪ್ರಸ್ತಾಪದಂಥ ಅಂತಃಪ್ರಮಾಣಗಳ ಮೇಲೆ. ಪ್ಯಾಪಿರಸ್ಸಿನ ಕಾಲ ಐವತ್ತು ವರ್ಷ ಈಚೆಗೆ ಸರಿದರೂ ಇವು ಕದಲುವುದಿಲ್ಲ.

ಅತಿ ಪ್ರಾಚೀನ ಕಾಲವನ್ನು ಮೊದಲೇ ಸಾರಿಬಿಡುವ ಆತುರವು ಈಚೆಗೂ ಕಂಡುಬಂದಿದೆ. ಮಾರ್ಕನ ಸುವಾರ್ತೆಯದು 1ನೆಯ ಶತಮಾನದ ಪ್ರತಿಯ ಚೂರೊಂದು ದೊರೆತಿದೆಯೆಂದು 2012ರಲ್ಲಿ ಅಮೆರಿಕದ ಸಾರ್ವಜನಿಕ ಚರ್ಚೆಯೊಂದರಲ್ಲಿ ಘೋಷಿಸಲಾಯಿತು. ಆರು ವರ್ಷಗಳವರೆಗೆ ಅದರ ಚಿತ್ರವೂ ಪಾಠವೂ ವಿದ್ವಾಂಸರ ಕಣ್ಣಿಗೆ ಬೀಳಲಿಲ್ಲ. ಆದರೂ ಅದನ್ನು ಆಧಾರವಾಗಿಟ್ಟು ವಾದಿಸುವವರಿಗೆ ಕೊರತೆಯಾಗಲಿಲ್ಲ. 2018ರಲ್ಲಿ ಆಕ್ಸಿರಿಂಕಸ್ ಪ್ಯಾಪಿರಸ್ಸುಗಳ 83ನೆಯ ಸಂಪುಟದಲ್ಲಿ ಅದು ಪ್ರಕಟವಾದಾಗ ಸಂಪಾದಕರು ಅದಕ್ಕೆ ಕೊಟ್ಟ ಕಾಲ 2ನೆಯ ಶತಮಾನದ ಕೊನೆ ಅಥವಾ 3ನೆಯ ಶತಮಾನದ ಆದಿ.