ಹಳೆಯ ಬೈಕಿನ ಕಾರ್ಬುರೇಟರ್ ರಬ್ಬರು: ಸಣ್ಣ ಭಾಗ, ದೊಡ್ಡ ಲೆಕ್ಕ

2020ರ ಏಪ್ರಿಲ್ 1ರಿಂದ ಬಿಎಸ್-6 ಮಾನದಂಡ ಜಾರಿಗೆ ಬಂದ ತರುವಾಯ ಹೊಸ ದ್ವಿಚಕ್ರ ವಾಹನಗಳಲ್ಲಿ ಕಾರ್ಬುರೇಟರಿನ ಸ್ಥಾನವನ್ನು ಬಹುಮಟ್ಟಿಗೆ ಇಂಧನ ಇಂಜೆಕ್ಷನ್ ವ್ಯವಸ್ಥೆಯು ಆಕ್ರಮಿಸಿತು. ಆದರೆ ಅದಕ್ಕೂ ಹಿಂದಿನ ವಾಹನಗಳು ರಸ್ತೆಯಿಂದ ಮರೆಯಾಗಿಲ್ಲ. 1996ರಲ್ಲಿ ತಯಾರಿಕೆ ನಿಂತ ಯಮಹಾ ಆರ್‌ಎಕ್ಸ್ 100 ಬೈಕನ್ನು ಇಂದಿಗೂ ಜೋಪಾನವಾಗಿ ಇಟ್ಟುಕೊಂಡವರಿದ್ದಾರೆ. ಇಂತಹ ವಾಹನಗಳನ್ನು ನಂಬಿದ ಗ್ಯಾರೇಜುಗಳೂ, ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಬಿಡಿಭಾಗಗಳ ಮಾರುಕಟ್ಟೆಗಳೂ ನಮ್ಮ ವಾಣಿಜ್ಯ ರಂಗದ ಅಂಗಗಳೇ ಆಗಿವೆ. ಈ ವ್ಯವಹಾರದಲ್ಲಿ ಅಲಕ್ಷ್ಯಕ್ಕೆ ಒಳಗಾಗುವ ವಸ್ತುವೊಂದಿದೆ. ಅದು ಕಾರ್ಬುರೇಟರನ್ನು ಇಂಜಿನ್ನಿಗೆ ಜೋಡಿಸುವ ರಬ್ಬರಿನ ಕೊಳವೆ.

ಸೋರಿಕೆಯ ಪರಿಣಾಮ

ಇಂಜಿನ್ನಿನ ಶಾಖ ಹಾಗೂ ಕಾಲದ ಹೊಡೆತಕ್ಕೆ ಈ ರಬ್ಬರು ಗಡಸಾಗಿ ಬಿರುಕು ಬಿಡುತ್ತದೆ. ಇಂಜಿನ್ನು ಗಾಳಿಯನ್ನು ಹೀರುವಾಗ ಆ ಬಿರುಕಿನ ಮೂಲಕ ಹೆಚ್ಚುವರಿ ಗಾಳಿ ಒಳಸೇರುತ್ತದೆ. ಈ ಗಾಳಿಗೆ ಏರ್ ಫಿಲ್ಟರಿನ ತಡೆಯಿಲ್ಲ, ಕಾರ್ಬುರೇಟರಿನ ಅಳತೆಯೂ ಇಲ್ಲ. ಪೆಟ್ರೋಲಿನ ಪ್ರಮಾಣ ಕಡಿಮೆಯಾಗಿ ಇಂಜಿನ್ನು ಅತಿಯಾಗಿ ಕಾಯುತ್ತದೆ. ಐಡ್ಲಿಂಗ್ ಏರಿಳಿಯುವುದು, ಆಕ್ಸಿಲರೇಟರ್ ಬಿಟ್ಟರೂ ವೇಗ ತಕ್ಷಣ ಇಳಿಯದಿರುವುದು, ಸ್ಪಾರ್ಕ್ ಪ್ಲಗ್ಗಿನ ತುದಿ ಬೆಳ್ಳಗಾಗುವುದು ಇದರ ಲಕ್ಷಣಗಳು. ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಇದನ್ನು ಕಡೆಗಣಿಸಿದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುವ ಅಪಾಯವೂ ಉಂಟು.

ಇದಕ್ಕೆ ಇಂದಿನ ಇಂಧನವೂ ಸೇರಿಕೊಂಡಿದೆ. ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿಯೇ ಚಾಲನೆ ದೊರೆಯಿತು. ಒಂದು ಕಿಲೋ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಥೆನಾಲಿಗೆ ಸುಮಾರು 9 ಕಿಲೋ ಸಾಕು. ಹಳೆಯ ಕಾರ್ಬುರೇಟರಿನ ಜೆಟ್ ಈ ವ್ಯತ್ಯಾಸವನ್ನು ಅರಿಯದು. ಆದ್ದರಿಂದ ಗಾಳಿ ಮೊದಲೇ ತುಸು ಹೆಚ್ಚಾಗಿರುವ ಕಡೆ ಬಿರುಕಿನ ಗಾಳಿಯೂ ಸೇರುತ್ತದೆ. ಕೆಲವು ಹಳೆಯ ವಾಹನಗಳಲ್ಲಿ ರಬ್ಬರ್ ಭಾಗಗಳನ್ನೂ ಗ್ಯಾಸ್ಕೆಟ್‌ಗಳನ್ನೂ ಬೇಗ ಬದಲಿಸಬೇಕಾಗಬಹುದೆಂದು ಕೇಂದ್ರ ಪೆಟ್ರೋಲಿಯಂ ಸಚಿವಾಲಯವೇ 2025ರಲ್ಲಿ ತಿಳಿಸಿದೆ.

ತೇಪೆಯೋ, ಬದಲಾವಣೆಯೋ?

ಪರೀಕ್ಷೆ ಸುಲಭ. ಇಂಜಿನ್ನು ಐಡ್ಲಿಂಗ್‌ನಲ್ಲಿರುವಾಗ ಜೋಡಣೆಯ ಸುತ್ತ ಸೋಪಿನ ನೀರನ್ನು ಸಿಂಪಡಿಸಬೇಕು. ಶಬ್ದ ಬದಲಾದರೆ ಅಲ್ಲಿ ಸೋರಿಕೆಯಿದೆ. ಕಾದ ಇಂಜಿನ್ನಿನ ಮೇಲೆ ಪೆಟ್ರೋಲು ಸಿಂಪಡಿಸಿ ನೋಡುವುದು ಬೆಂಕಿಗೆ ಆಹ್ವಾನ.

ಸೋರಿಕೆ ಕಂಡಾಗ ಸಾಧಾರಣ ಸಿಲಿಕೋನ್ ಅಂಟು ಬಳಿಯುವ ರೂಢಿ ಇದೆ. ಪೆಟ್ರೋಲು ತಗುಲಿದರೆ ಈ ಅಂಟು ಉಬ್ಬಿ ಮೆತ್ತಗಾಗುತ್ತದೆ. ಒಳಭಾಗದಲ್ಲಿ ಕಿತ್ತುಬಂದ ಚೂರು ಇಂಜಿನ್ನಿನೊಳಗೆ ಸೇರಬಹುದು. ಸರಿಯಾದ ಕ್ರಮವೆಂದರೆ ಹೊಸ ರಬ್ಬರು, ಹೊಸ ಗ್ಯಾಸ್ಕೆಟ್ ಅಥವಾ ಓ-ರಿಂಗ್ ಹಾಕುವುದು. ಲೋಹದ ಮುಖ ಸಮತಟ್ಟಾಗಿದೆಯೇ ಎಂದು ಗಾಜಿನ ತುಂಡಿನ ಮೇಲಿಟ್ಟು ನೋಡಿ, ಎರಡೂ ಬೋಲ್ಟುಗಳನ್ನು ಸರದಿಯಂತೆ ಸಮನಾಗಿ ಬಿಗಿಯಬೇಕು. ಒಂದೇ ಕಡೆ ಅತಿಯಾಗಿ ಬಿಗಿದರೆ ಹೊಸ ರಬ್ಬರೂ ಸೋರುತ್ತದೆ. ರಬ್ಬರು ದೊರೆಯದೆ ತೇಪೆ ಅನಿವಾರ್ಯವಾದರೆ ಪೆಟ್ರೋಲು ತಡೆಯುವ ಅಂಟನ್ನು ಹೊರಮೈಗೆ ಮಾತ್ರ ಬಳಿದು, ಬಿಲ್ಲಿನಲ್ಲಿ ‘ತಾತ್ಕಾಲಿಕ’ ಎಂದು ನಮೂದಿಸುವುದು ಗ್ಯಾರೇಜಿನವರಿಗೂ ಗಿರಾಕಿಗೂ ಕ್ಷೇಮ.

ವರ್ತಕರ ಗಮನಕ್ಕೆ

ರಬ್ಬರು ಕಪಾಟಿನಲ್ಲಿಯೂ ಮುಪ್ಪಾಗುತ್ತದೆ. ಹತ್ತು ವರ್ಷ ಹಳೆಯ ದಾಸ್ತಾನನ್ನು ಕೊಂಡ ಬೆಲೆಯಲ್ಲಿಯೇ ಮುಂದುವರಿಸುವ ಪುಸ್ತಕಗಳುಂಟು. ಲೆಕ್ಕಪತ್ರ ಮಾನದಂಡ 2ರ ಪ್ರಕಾರ ದಾಸ್ತಾನನ್ನು ವೆಚ್ಚ ಹಾಗೂ ನಿವ್ವಳ ವಸೂಲಿ ಮೌಲ್ಯ, ಇವೆರಡರಲ್ಲಿ ಕಡಿಮೆಯಾದುದಕ್ಕೆ ತೋರಿಸತಕ್ಕದ್ದು. ಗಡಸಾದ ಸರಕನ್ನು ಪುಸ್ತಕದಿಂದ ವಜಾ ಮಾಡಿದರೆ ಕೇಂದ್ರ ಜಿಎಸ್‌ಟಿ ಕಾಯಿದೆಯ ಕಲಂ 17(5)(ಹೆಚ್) ಅನ್ವಯ ಅದರ ಮೇಲೆ ಪಡೆದ ಹೂಡುವಳಿ ತೆರಿಗೆ ಜಮೆಯನ್ನು ಹಿಂತಿರುಗಿಸಬೇಕಾಗುತ್ತದೆ. ಈ ನಷ್ಟಕ್ಕೆ ಅಂಜಿ ಹಳೆಯ ರಬ್ಬರನ್ನು ಗಿರಾಕಿಗೆ ದಾಟಿಸುವುದು ಲಾಭವೆಂದು ತೋರಬಹುದು. ಆದರೆ ಅದೇ ಗಿರಾಕಿಯ ಇಂಜಿನ್ನು ಕೆಟ್ಟ ದಿನ ಅಂಗಡಿಯ ಹೆಸರೂ ಕೆಡುತ್ತದೆ. ಕಡಿಮೆ ಸಂಖ್ಯೆಯಲ್ಲಿ ತರಿಸಿ, ಖರೀದಿಯ ತಿಂಗಳನ್ನು ಪೊಟ್ಟಣದ ಮೇಲೆ ಬರೆದು, ಮೊದಲು ಬಂದುದನ್ನು ಮೊದಲು ಮಾರುವುದೇ ಈ ವ್ಯಾಪಾರಕ್ಕೆ ಒಪ್ಪುವ ಪದ್ಧತಿಯಾಗಿದೆ.