ಪೆಟ್ರೋಲ್ ಕಾರ್ಡ್ ಉಳಿಸಿದ್ದು ತಿಂಗಳಿಗೆ 68 ರೂಪಾಯಿ. ಉಳಿದ ಲೆಕ್ಕ ಎಲ್ಲಿ ಹೋಯ್ತು?

ನಮ್ಮ ಮನೆ ಸೋಂದಾ ಕಡೆ, ಸ್ವರ್ಣವಲ್ಲಿ ಮಠದ ರಸ್ತೆಯಿಂದ ಒಳಗೆ. ಕೆಲಸ ಶಿರಸಿಯಲ್ಲಿ. ದಿನಕ್ಕೆ ಹೋಗಿ ಬರುವುದು 40 ಕಿಲೋಮೀಟರ್. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲ್ಲೂಕುಗಳಲ್ಲಿ ಇವತ್ತಿಗೂ ರೈಲಿಲ್ಲ. ಬಸ್ಸು ಇದೆ, ಆದರೆ ಒಳಗಿನ ಹಳ್ಳಿಗಳಿಗೆ ಬೆಳಿಗ್ಗೆ ಒಂದು, ಸಂಜೆ ಒಂದು. ಮೀಟಿಂಗ್ ಅರ್ಧ ಗಂಟೆ ತಡವಾದರೆ ಅದೂ ಇಲ್ಲ. ಹಾಗಾಗಿ ನಮ್ಮ ಕಡೆ ಬೈಕ್ ಎಂಬುದು ಶೋಕಿ ಅಲ್ಲ, ಅದೇ ನಮ್ಮ ಬಸ್ಸು, ಅದೇ ನಮ್ಮ ಆಂಬ್ಯುಲೆನ್ಸ್.

ಹೋದ ವರ್ಷ ಒಂದು ಪೆಟ್ರೋಲ್ ಕ್ರೆಡಿಟ್ ಕಾರ್ಡ್ ಮಾಡಿಸಿದೆ. ದರ ಹೋಲಿಸಿ ನೋಡೋಕೆ ಫೋನಿಗೆ ಮೂರು ಆಪ್ ಹಾಕಿಕೊಂಡೆ. ಪ್ರತಿ ಲೀಟರನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟೆ. ಒಂದು ದಿನ ಅಪ್ಪಯ್ಯ ಅದನ್ನು ನೋಡಿ, "ಎಂತಾ ತಮಾ, ಎಷ್ಟು ಉಳ್ಸಿದ್ಯೋ?" ಅಂತ ಕೇಳಿದರು. ಕೂತು ಲೆಕ್ಕ ಹಾಕಿದೆ. ಈ ಲೇಖನ ಆ ಲೆಕ್ಕವೇ.

ದರ ಹೋಲಿಸಿದರೆ ಏನು ಸಿಗುತ್ತದೆ?

2017ರ ಜೂನ್ 16ರಿಂದ ದೇಶದಾದ್ಯಂತ ಪೆಟ್ರೋಲ್, ಡೀಸೆಲ್ ದರವನ್ನು ದಿನಾ ಬೆಳಿಗ್ಗೆ 6 ಗಂಟೆಗೆ ಪರಿಷ್ಕರಿಸುವ ಪದ್ಧತಿ ಬಂತು. ಹಾಗಂತ ದಿನವೂ ದರ ಬದಲಾಗುತ್ತದೆ ಎಂದಲ್ಲ, ತಿಂಗಳುಗಟ್ಟಲೆ ಅಲುಗಾಡದೆ ನಿಂತದ್ದೂ ಉಂಟು. ಬಂಕ್‌ನ ದರ ತಿಳಿಯಲು ಇಂಡಿಯನ್ ಆಯಿಲ್ ಒನ್, ಹಲೋ ಬಿಪಿಸಿಎಲ್, ಎಚ್‌ಪಿ ಪೇ ಆಪ್‌ಗಳಿವೆ. ನೆಟ್‌ವರ್ಕ್ ಸಿಗದ ಊರಿನವರಿಗೆ ಎಸ್ಎಂಎಸ್ ದಾರಿಯೂ ಇದೆ. ಇಂಡಿಯನ್ ಆಯಿಲ್ ಬಂಕ್ ಆದರೆ ಆರ್‌ಎಸ್‌ಪಿ ಎಂದು ಬರೆದು, ಜಾಗ ಬಿಟ್ಟು, ಬಂಕ್‌ನಲ್ಲಿ ಹಾಕಿರುವ ಡೀಲರ್ ಕೋಡ್ ಸೇರಿಸಿ 9224992249ಕ್ಕೆ ಕಳಿಸಬೇಕು.

ಒಂದೇ ಊರಿನ ಸರ್ಕಾರಿ ಕಂಪನಿಗಳ ಬಂಕ್‌ಗಳ ನಡುವೆ ಇರುವ ವ್ಯತ್ಯಾಸ ಪೈಸೆಗಳದ್ದು. ಲೀಟರಿಗೆ 20 ಪೈಸೆ ಕಡಿಮೆ ಅಂತ 2 ಕಿಲೋಮೀಟರ್ ಸುತ್ತಿ ಹೋಗಿ 5 ಲೀಟರ್ ಹಾಕಿಸಿದರೆ ಉಳಿಯುವುದು 1 ರೂಪಾಯಿ. ಹೋಗಿ ಬರುವ 4 ಕಿಲೋಮೀಟರಿಗೆ ನನ್ನ ಬೈಕ್ ಕುಡಿಯುವುದು 8 ರೂಪಾಯಿ.

ನಿಜವಾದ ವ್ಯತ್ಯಾಸ ಇರುವುದು ಊರು ಊರಿನ ನಡುವೆ, ರಾಜ್ಯ ರಾಜ್ಯದ ನಡುವೆ. ತೈಲ ಶುದ್ಧೀಕರಣ ಘಟಕ ಇರುವ ಮಂಗಳೂರಿನಲ್ಲಿ ದರ ಸಾಮಾನ್ಯವಾಗಿ ಬೆಂಗಳೂರಿಗಿಂತ ಕಡಿಮೆ. ಘಟ್ಟ ಹತ್ತಿ ಟ್ಯಾಂಕರ್ ಬರಬೇಕಾದ ನಮ್ಮಂಥ ಊರುಗಳಲ್ಲಿ ಸಾಗಣೆ ವೆಚ್ಚ ಸೇರಿ ಸ್ವಲ್ಪ ಹೆಚ್ಚು. ಕಾರವಾರದವರು ಮಾಜಾಳಿ ದಾಟಿ ಗೋವಾದ ಪೊಳೆಂಗೆ ಹೋಗಿ ಟ್ಯಾಂಕ್ ತುಂಬಿಸುವುದು ಎಲ್ಲರಿಗೂ ಗೊತ್ತಿರುವ ವಿಷಯ. ಕಾಸರಗೋಡಿನವರು ಇದೇ ಲೆಕ್ಕದಲ್ಲಿ ತಲಪಾಡಿ ದಾಟಿ ಕರ್ನಾಟಕಕ್ಕೆ ಬರುತ್ತಾರೆ. ಕೇರಳ 2023ರ ಏಪ್ರಿಲ್ 1ರಿಂದ ಲೀಟರಿಗೆ 2 ರೂಪಾಯಿ ಸೆಸ್ ಹಾಕಿದ ಮೇಲಂತೂ ಆ ಓಡಾಟಕ್ಕೆ ಇನ್ನೊಂದು ಕಾರಣ ಸಿಕ್ಕಿತು.

ಆದರೆ ಶಿರಸಿಯವರಿಗೆ ಗೋವಾ ಗಡಿ 120 ಕಿಲೋಮೀಟರಿಗೂ ದೂರ. ಲೀಟರಿಗೆ 6 ರೂಪಾಯಿ ಉಳಿದರೂ 35 ಲೀಟರಿನ ಟ್ಯಾಂಕಿಗೆ ಸಿಗುವುದು 210 ರೂಪಾಯಿ. ಹೋಗಿ ಬರಲು ಕಾರಿಗೆ ಬೇಕಾಗುವುದು 15 ಲೀಟರ್, ಅಂದರೆ 1,500 ರೂಪಾಯಿ ಮೇಲೆ. ಗಡಿಯಲ್ಲಿ ಮನೆ ಇದ್ದವರಿಗೆ, ಆ ದಾರಿಯಲ್ಲಿ ಹೇಗೂ ಹೋಗುವ ಲಾರಿಯವರಿಗೆ ಮಾತ್ರ ಈ ಲಾಭ.

ಕಾರ್ಡಿನ ಲೆಕ್ಕ

ಈಗ ಕಾರ್ಡಿಗೆ ಬರೋಣ. ಬಿಪಿಸಿಎಲ್ ಎಸ್‌ಬಿಐ ಕಾರ್ಡನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಅದರ ಜಾಹೀರಾತಿನಲ್ಲಿ ಕಂಡಿದ್ದು ಶೇ 4.25ರ ಲಾಭ. ಬಿಡಿಸಿ ನೋಡಿದರೆ ಅದರಲ್ಲಿ ಎರಡು ಭಾಗ. ಆ ಕಂಪನಿಯ ಬಂಕ್‌ನಲ್ಲಿ 100 ರೂಪಾಯಿಗೆ 13 ಪಾಯಿಂಟ್, 4 ಪಾಯಿಂಟ್‌ಗೆ 1 ರೂಪಾಯಿ, ಅಂದರೆ ಶೇ 3.25. ಉಳಿದ ಶೇ 1 ಸರ್‌ಚಾರ್ಜ್ ಮನ್ನಾ. ಕ್ರೆಡಿಟ್ ಕಾರ್ಡ್ ಉಜ್ಜಿದ್ದಕ್ಕೇ ಬೀಳುವ ಶುಲ್ಕ ಅದು. ಯುಪಿಐನಲ್ಲೋ ನಗದಿನಲ್ಲೋ ಕೊಟ್ಟಿದ್ದರೆ ಆ ಶುಲ್ಕವೇ ಇರುತ್ತಿರಲಿಲ್ಲ. ಹಾಕದೇ ಇರಬಹುದಾಗಿದ್ದ ಶುಲ್ಕವನ್ನು ಬಿಟ್ಟಿದ್ದನ್ನೂ ಲಾಭದ ಪಟ್ಟಿಗೆ ಸೇರಿಸಿದ್ದಾರೆ, ಅಷ್ಟೇ. ಬಹಳಷ್ಟು ಕಾರ್ಡುಗಳಲ್ಲಿ ಈ ಮನ್ನಾ 400 ಅಥವಾ 500 ರೂಪಾಯಿ ಮೇಲಿನ ಬಿಲ್ಲಿಗೆ ಮಾತ್ರ. 200 ರೂಪಾಯಿ ಪೆಟ್ರೋಲ್ ಹಾಕಿಸುವ ಬೈಕಿನವರಿಗೆ ಅದೂ ಇಲ್ಲ. ಸರ್‌ಚಾರ್ಜ್ ಮೇಲಿನ ಜಿಎಸ್‌ಟಿ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ.

ನನ್ನ ಮನೆಯ ಖರ್ಚು ಹೀಗಿದೆ. ಬೈಕಿಗೆ ತಿಂಗಳಿಗೆ 20 ಲೀಟರ್, ಅಪ್ಪಯ್ಯನ ಹಳೆ ಕಾರಿಗೆ 10, ತೋಟದಲ್ಲಿ ಹುಲ್ಲು ಹೊಡೆಯೋ ಮಷಿನ್ನು, ಕೊಳೆ ಔಷಧಿಯ ಪಂಪ್ ಸೇರಿ ಸರಾಸರಿ 5. ಒಟ್ಟು 35 ಲೀಟರ್. ಲೆಕ್ಕಕ್ಕೆ ಸುಲಭವಾಗಲಿ ಎಂದು ಲೀಟರಿಗೆ 103 ರೂಪಾಯಿ ಇಟ್ಟುಕೊಳ್ಳುತ್ತೇನೆ (2025ರಲ್ಲಿ ಬೆಂಗಳೂರಿನ ದರ 102.92 ಇತ್ತು). ತಿಂಗಳಿಗೆ 3,605 ರೂಪಾಯಿ.

ಶೇ 3.25 ಅಂದರೆ ತಿಂಗಳಿಗೆ 117, ವರ್ಷಕ್ಕೆ 1,406 ರೂಪಾಯಿ. ಕಾರ್ಡಿನ ವಾರ್ಷಿಕ ಶುಲ್ಕ 499, ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿ 589. ಉಳಿದದ್ದು 817. ತಿಂಗಳಿಗೆ 68 ರೂಪಾಯಿ.

ಇಷ್ಟು ಸಿಗಬೇಕಾದರೂ ನಾನು ಒಂದೇ ಕಂಪನಿಯ ಬಂಕ್‌ಗೆ ಹೋಗಬೇಕು, ಬಿಲ್ಲನ್ನು ಒಂದು ದಿನವೂ ತಡ ಮಾಡದೆ ಕಟ್ಟಬೇಕು. ಒಮ್ಮೆ ನಾನು ತಡ ಮಾಡಿದೆ. ದಂಡ, ಬಡ್ಡಿ ಸೇರಿ ಅರ್ಧ ವರ್ಷದ ಪಾಯಿಂಟು ಹೋಯ್ತು. ಕ್ರೆಡಿಟ್ ಕಾರ್ಡ್ ಬಡ್ಡಿ ಶೇ 40ರ ಆಸುಪಾಸಿಗೂ ಹೋಗುತ್ತದೆ ಅನ್ನೋದನ್ನು ಅರ್ಜಿ ಹಾಕಿಸುವಾಗ ಯಾರೂ ಜೋರಾಗಿ ಹೇಳುವುದಿಲ್ಲ.

ಇಂಥ ರಿಯಾಯಿತಿಗಳು ಎಷ್ಟು ದಿನ ಬಾಳುತ್ತವೆ ಎಂಬುದಕ್ಕೆ ಒಂದು ಹಳೆ ಉದಾಹರಣೆ ಇದೆ. ನೋಟು ರದ್ದತಿಯ ಬೆನ್ನಿಗೇ, 2016ರ ಡಿಸೆಂಬರ್‌ನಲ್ಲಿ, ಸರ್ಕಾರಿ ಬಂಕ್‌ಗಳಲ್ಲಿ ಡಿಜಿಟಲ್ ಪಾವತಿಗೆ ಶೇ 0.75 ರಿಯಾಯಿತಿ ಘೋಷಣೆಯಾಯಿತು. 2019ರ ಅಕ್ಟೋಬರ್ 1ರಿಂದ ಕ್ರೆಡಿಟ್ ಕಾರ್ಡಿಗೆ ಅದು ನಿಂತೇ ಹೋಯಿತು. ನಮಗೆ ಅಭ್ಯಾಸವಾಗಿತ್ತು, ರಿಯಾಯಿತಿಯ ಅಗತ್ಯ ಮುಗಿದಿತ್ತು.

68 ರೂಪಾಯಿಯ ಎದುರು ಏನಿದೆ?

ಅಪ್ಪಯ್ಯನಿಗೆ "68" ಅಂದಾಗ ಅವರು ನಕ್ಕರು. ನಾನು ನೋಟ್‌ಬುಕ್‌ನ ಇನ್ನೊಂದು ಪುಟ ತೆಗೆದೆ.

2024ರ ಜೂನ್ 15ರಂದು ರಾಜ್ಯ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿತು. ಲೀಟರಿಗೆ 3 ರೂಪಾಯಿ ಹೆಚ್ಚಾಯಿತು. 35 ಲೀಟರಿಗೆ 105 ರೂಪಾಯಿ. ಅಂದರೆ ವರ್ಷವಿಡೀ ನಾನು ಪಾಯಿಂಟ್ ಎಣಿಸಿ ಗಳಿಸಿದ್ದಕ್ಕಿಂತ ಹೆಚ್ಚನ್ನು ಒಂದು ಅಧಿಸೂಚನೆ ತೆಗೆದುಕೊಂಡಿತು.

2025ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಅಬಕಾರಿ ಸುಂಕವನ್ನು ಲೀಟರಿಗೆ 2 ರೂಪಾಯಿ ಏರಿಸಿತು. ಬಂಕ್‌ನ ದರ ಬದಲಾಗಲಿಲ್ಲ, ಹಾಗಾಗಿ ಹೆಚ್ಚಿನವರಿಗೆ ಗೊತ್ತೂ ಆಗಲಿಲ್ಲ. ಆಗ ಕಚ್ಚಾ ತೈಲದ ಬೆಲೆ ಇಳಿದಿತ್ತು. ನಮಗೆ ಬರಬಹುದಾಗಿದ್ದ ಇಳಿಕೆ ಸುಂಕಕ್ಕೆ ಹೋಯಿತು. 35 ಲೀಟರಿಗೆ 70 ರೂಪಾಯಿ.

ಇದರ ಜೊತೆ ಎಥೆನಾಲ್. ಪೆಟ್ರೋಲಿಗೆ ಶೇ 20 ಎಥೆನಾಲ್ ಸೇರಿಸುವ ಯೋಜನೆಯ ಬಗ್ಗೆ ನೀತಿ ಆಯೋಗ 2021ರಲ್ಲಿ ಕೊಟ್ಟ ವರದಿಯೇ ಹಳೆಯ ವಿನ್ಯಾಸದ ದ್ವಿಚಕ್ರ ವಾಹನಗಳ ಮೈಲೇಜ್ ಶೇ 3ರಿಂದ 4, ಕಾರುಗಳದ್ದು ಶೇ 6ರಿಂದ 7 ಇಳಿಯಬಹುದು ಎಂದಿತ್ತು. ಕಡಿಮೆ ಅಂದಾಜು, ಶೇ 3 ಎಂದೇ ಇಟ್ಟುಕೊಂಡರೂ ನನಗೆ ತಿಂಗಳಿಗೆ ಒಂದು ಲೀಟರ್ ಹೆಚ್ಚು ಬೇಕು. ಅದು 103 ರೂಪಾಯಿ.

ತೆರಿಗೆ ಯಾರ ಜೇಬಿಗೆ?

ಇಲ್ಲಿಂದ ಮುಂದೆ ವಾಟ್ಸಾಪ್ ಜಗಳ ಶುರುವಾಗುತ್ತದೆ. ಒಬ್ಬರು ಗ್ಯಾರಂಟಿ ಯೋಜನೆ ಅಂತಾರೆ, ಇನ್ನೊಬ್ಬರು ಕೇಂದ್ರದ ಸೆಸ್ ಅಂತಾರೆ. ಎರಡನ್ನೂ ಒಂದೇ ಬಿಲ್ಲಿನಲ್ಲಿ ನೋಡೋಣ.

2025ರ ಏಪ್ರಿಲ್ ಏರಿಕೆಯ ನಂತರ ಲೀಟರ್ ಪೆಟ್ರೋಲ್ ಮೇಲೆ ಕೇಂದ್ರದ ಸುಂಕ 21.90 ರೂಪಾಯಿ ಇತ್ತು. ರಾಜ್ಯದ ತೆರಿಗೆ ಸುಮಾರು 23 ರೂಪಾಯಿ ಇತ್ತು. ನನ್ನ 35 ಲೀಟರಿನಲ್ಲಿ ಇಬ್ಬರಿಗೂ ಸೇರಿ ಸುಮಾರು 1,570 ರೂಪಾಯಿ ಹೋಗುತ್ತಿತ್ತು. ಪಾಲು ಹೆಚ್ಚುಕಡಿಮೆ ಸಮಸಮ.

ಆದರೆ ಕೇಂದ್ರದ 21.90ರಲ್ಲಿ ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಾದ ಮೂಲ ಅಬಕಾರಿ ಸುಂಕ ಬರೀ 1.40 ರೂಪಾಯಿ ಇತ್ತು. ಉಳಿದದ್ದು ವಿಶೇಷ ಹೆಚ್ಚುವರಿ ಸುಂಕ 13, ರಸ್ತೆ ಮತ್ತು ಮೂಲಸೌಕರ್ಯ ಸೆಸ್ 5, ಕೃಷಿ ಮೂಲಸೌಕರ್ಯ ಸೆಸ್ 2.50. ಇವು ಹಂಚಿಕೆಯ ಲೆಕ್ಕಕ್ಕೇ ಬರುವುದಿಲ್ಲ. 2026ರ ಮಾರ್ಚ್‌ವರೆಗೆ ಜಾರಿಯಲ್ಲಿದ್ದ 15ನೇ ಹಣಕಾಸು ಆಯೋಗದ ಶಿಫಾರಸಿನ ಪ್ರಕಾರ ಆ 1.40ರಲ್ಲಿ ಶೇ 41 ರಾಜ್ಯಗಳಿಗೆ, ಅದರಲ್ಲಿ ಕರ್ನಾಟಕಕ್ಕೆ ಶೇ 3.647 ಸಿಗುತ್ತಿತ್ತು. ಗುಣಿಸಿ ನೋಡಿ, ಲೀಟರಿಗೆ ಎರಡು ಪೈಸೆ.

ಹಾಗಂತ ರಾಜ್ಯಕ್ಕೆ ಕ್ಲೀನ್ ಚಿಟ್ ಕೊಡಬೇಕಿಲ್ಲ. 2021ರ ನವೆಂಬರ್‌ನಲ್ಲಿ ಕೇಂದ್ರ ಸುಂಕ ಇಳಿಸಿದಾಗ ಆಗಿನ ಬೊಮ್ಮಾಯಿ ಸರ್ಕಾರವೂ ಲೀಟರಿಗೆ 7 ರೂಪಾಯಿ ಇಳಿಸಿತ್ತು, ಇಳಿಸಲು ಸಾಧ್ಯ ಎಂದು ಅಲ್ಲೇ ಗೊತ್ತಾಯಿತು. ಈಗಿನ ಸರ್ಕಾರ 2024ರಲ್ಲಿ ಏರಿಸಿದಾಗ, ಪಕ್ಕದ ರಾಜ್ಯಗಳಲ್ಲಿ ಇನ್ನೂ ಹೆಚ್ಚಿದೆ ಎಂದು ಸಮರ್ಥಿಸಿಕೊಂಡಿತು. ಪೊಳೆಂ ಬಂಕ್‌ನಲ್ಲಿ ಸಾಲಿನಲ್ಲಿ ನಿಂತ ಕಾರವಾರದವರಿಗೆ ಈ ಸಮರ್ಥನೆ ಹೇಗೆ ಕೇಳಿಸಿರಬಹುದು?

ನನ್ನ ತಂಗಿ ಶಿರಸಿಯ ಕಾಲೇಜಿಗೆ ಶಕ್ತಿ ಯೋಜನೆಯಲ್ಲಿ ಉಚಿತವಾಗಿ ಬಸ್ಸಿನಲ್ಲಿ ಹೋಗುತ್ತಾಳೆ. ನನ್ನ ಬೈಕಿನ ತೆರಿಗೆಯಲ್ಲಿ ಒಂದಿಷ್ಟು ಅವಳ ಟಿಕೆಟಿಗೆ ಹೋದರೆ ನನಗೆ ತಕರಾರಿಲ್ಲ. ತಕರಾರು ಇರುವುದು ಸಂಜೆಯ ಬಸ್ಸು ತಪ್ಪಿದರೆ ಅವಳನ್ನು ಕರೆತರಲು ಮತ್ತೆ ನಾನೇ 40 ಕಿಲೋಮೀಟರ್ ಪೆಟ್ರೋಲ್ ಸುಡಬೇಕಲ್ಲ, ಅದಕ್ಕೆ. ತೆರಿಗೆ ಏರಿಸುವ ಸರ್ಕಾರವನ್ನು ಕೇಳಬೇಕಾದ್ದು ಇದನ್ನು: ನಮ್ಮೂರಿಗೆ ಇನ್ನೊಂದು ಬಸ್ ಯಾವಾಗ?

ಪೆಟ್ರೋಲನ್ನು ಜಿಎಸ್‌ಟಿಗೆ ತನ್ನಿ ಎಂಬ ಬೇಡಿಕೆಯೂ ಹಳೆಯದು. 2017ರಲ್ಲಿ ಜಿಎಸ್‌ಟಿ ಬಂದಾಗಲೇ ಪೆಟ್ರೋಲ್, ಡೀಸೆಲ್ ಹೊರಗೆ ಉಳಿದವು. 2021ರ ಸೆಪ್ಟೆಂಬರ್ 17ರಂದು ಲಖನೌನಲ್ಲಿ ನಡೆದ ಜಿಎಸ್‌ಟಿ ಮಂಡಳಿ ಸಭೆಯಲ್ಲಿ ವಿಷಯ ಬಂತು, ಇದು ಸಮಯವಲ್ಲ ಎಂದು ಬದಿಗಿಟ್ಟರು. ಎಲ್ಲದರಲ್ಲೂ ಕಚ್ಚಾಡುವ ಕೇಂದ್ರ ಮತ್ತು ರಾಜ್ಯಗಳಿಗೆ ಇದೊಂದರಲ್ಲಿ ಒಮ್ಮತ ಇದೆ.

ಹಾಗಾದರೆ ಏನು ಮಾಡೋದು?

ಕಾರ್ಡ್ ಬಿಸಾಕಿ ಅನ್ನುತ್ತಿಲ್ಲ. ತಿಂಗಳಿಗೆ ಎಂಟು-ಹತ್ತು ಸಾವಿರದ ಪೆಟ್ರೋಲ್ ಹಾಕಿಸುವವರಿಗೆ, ಬಿಲ್ ತಪ್ಪದೆ ಕಟ್ಟುವವರಿಗೆ, ದಾರಿಯಲ್ಲೇ ಆ ಕಂಪನಿಯ ಬಂಕ್ ಇರುವವರಿಗೆ ಅದು ಲಾಭವೇ. ಷರತ್ತುಗಳು ಬದಲಾಗುತ್ತಿರುತ್ತವೆ, ಓದಿ ತೆಗೆದುಕೊಳ್ಳಿ. ಬೈಕ್ ಮಾತ್ರ ಇರುವವರಿಗೆ ಶುಲ್ಕವಿಲ್ಲದ ಆಪ್ ಪಾಯಿಂಟ್ ಸಾಕು.

ನನಗೆ ನಿಜವಾಗಿ ಉಳಿಸಿದ್ದು ಬೇರೆ ಮೂರು.

ಒಂದು, ಅಳತೆ. ಅನುಮಾನ ಬಂದರೆ 5 ಲೀಟರಿನ ಮುದ್ರೆ ಹಾಕಿದ ಅಳತೆ ಪಾತ್ರೆಯಲ್ಲಿ ಹಾಕಿ ತೋರಿಸಿ ಅನ್ನಬಹುದು, ಪ್ರತಿ ಬಂಕ್‌ನಲ್ಲಿ ಅದು ಇರಲೇಬೇಕು. 5 ಲೀಟರಿಗೆ 25 ಮಿಲಿಲೀಟರ್ ವ್ಯತ್ಯಾಸದವರೆಗೆ ಮಾತ್ರ ವಿನಾಯಿತಿ. ಅದಕ್ಕಿಂತ ಕಡಿಮೆ ಬಂದರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಿ.

ಎರಡು, ಬಾಟಲಿ ಪೆಟ್ರೋಲ್ ಬಿಟ್ಟದ್ದು. ಹಳ್ಳಿಯ ಅಂಗಡಿಯಲ್ಲಿ ಲೀಟರಿಗೆ 15-20 ರೂಪಾಯಿ ಹೆಚ್ಚು ಕೊಟ್ಟು ತರುತ್ತಿದ್ದೆ. ಪರವಾನಗಿ ಇಲ್ಲದೆ ಹಾಗೆ ಮಾರುವುದು ಕಾನೂನುಬಾಹಿರ, ಬೆಂಕಿಯ ಅಪಾಯ ಬೇರೆ. ಆದರೆ ಬಂಕ್ 15 ಕಿಲೋಮೀಟರ್ ದೂರ ಇರುವ ಊರಿನಲ್ಲಿ ಆ ಅಂಗಡಿ ಯಾಕೆ ಇದೆ ಅನ್ನೋದನ್ನೂ ಯೋಚಿಸಬೇಕು.

ಮೂರು, ಪಕ್ಕದ ಮನೆಯ ಭಾವ. ಅವನೂ ಶಿರಸಿಗೇ ಹೋಗುವವ. ವಾರಕ್ಕೆ ಎರಡು ದಿನ ಒಂದೇ ಬೈಕಿನಲ್ಲಿ ಹೋಗ್ತೇವೆ, ಒಂದು ವಾರ ನನ್ನದು, ಇನ್ನೊಂದು ವಾರ ಅವನದು. ನನ್ನ ಪಾಲಿಗೆ ತಿಂಗಳಿಗೆ 3 ಲೀಟರ್ ಮೇಲೆ ಉಳಿಯಿತು, ಸುಮಾರು 330 ರೂಪಾಯಿ. ಕಾರ್ಡಿನ ಐದು ಪಟ್ಟು ಹತ್ತಿರ.

ಅಪ್ಪಯ್ಯ ಅಡಿಕೆ ಸೊಸೈಟಿಯ ಹಳೇ ಸದಸ್ಯರು. ಅವರು ಕೊನೆಗೆ ಕೇಳಿದ್ದು ಹೀಗೆ: "ಸೊಸೈಟಿ ಲಾಭಾಂಶ ಕೊಟ್ಟರೆ ಸಾಮಾನ್ಯ ಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳ್ತೇನೆ. ನಿನ್ನ ಪಾಯಿಂಟಿನ ಲೆಕ್ಕ ಯಾರನ್ನ ಕೇಳ್ತೀಯ?"

ಪಾಯಿಂಟಿನ ಲೆಕ್ಕ ಕೇಳಲು ಕಸ್ಟಮರ್ ಕೇರ್ ಇದೆ. ತೆರಿಗೆಯ ಲೆಕ್ಕ ಕೇಳಲು ಮತ ಇದೆ, ಗ್ರಾಮಸಭೆ ಇದೆ, ಶಾಸಕರು, ಸಂಸದರು ಇದ್ದಾರೆ. ನಾನು ಒಂದು ವರ್ಷ ಮೊದಲನೆಯದಕ್ಕೆ ಫೋನ್ ಮಾಡುತ್ತಾ ಕೂತಿದ್ದೆ. ಈ ಸಲದ ಗ್ರಾಮಸಭೆಗೆ ನೋಟ್‌ಬುಕ್ ತೆಗೆದುಕೊಂಡು ಹೋಗುತ್ತೇನೆ. ಕೇಳಲಿಕ್ಕಿರುವುದು ಒಂದೇ ಪ್ರಶ್ನೆ, ಸಂಜೆಯ ಎರಡನೇ ಬಸ್ಸಿನದ್ದು.